ಹಳದಿ ದೀಪ ಎಲ್ಲಿಗೆ ಹೋಯಿತು?

ಪ್ರಶ್ನೆ: ಸರ್, ನಮಸ್ಕಾರ. ನಾನು ದಾವಣಗೆರೆಯವನು. ಇಲ್ಲಿನ ಗುಜರಿ ಅಂಗಡಿಯಲ್ಲಿ ಹಳೆಯ ಟ್ರಾಫಿಕ್ ಸಿಗ್ನಲ್ ಒಂದು ಸಿಕ್ಕಿತು. ಮೂರು ಗಾಜು, ಲೋಹದ ಪೆಟ್ಟಿಗೆ, ಒಳಗೆ ಬಲ್ಬ್ ಹೋಲ್ಡರ್ ಎಲ್ಲ ಹಾಗೇ ಇವೆ. ಎಂಟು ವರ್ಷದ ಮಗನ ರೂಮಿನಲ್ಲಿ ಅಲಂಕಾರಕ್ಕೆ ತೂಗುಹಾಕಬೇಕು ಅಂತ ಆಸೆ. ಯೂಟ್ಯೂಬ್ ನೋಡಿ 555 ಮತ್ತು 4017 ಐಸಿ ಹಾಕಿ ಸರ್ಕ್ಯೂಟ್ ಮಾಡಿದೆ. ಮೂರು ಬಿಸಿ 547 ಟ್ರಾನ್ಸಿಸ್ಟರ್, ಮೂರು 12 ವೋಲ್ಟ್ ರಿಲೇ, ಅಂದರೆ ಕರೆಂಟಿನಿಂದ ಮುಚ್ಚಿ ತೆರೆಯುವ ಸ್ವಿಚ್. ಸಣ್ಣ ಎಲ್‌ಇಡಿ ಇಟ್ಟು ನೋಡಿದಾಗ ಗಡಿಯಾರದ ಹಾಗೆ ಓಡಿತು. ರಿಲೇಗೆ 60 ವಾಟಿನ ಬಲ್ಬ್ ಜೋಡಿಸಿದ ಮೇಲೆ ತೊಂದರೆ ಶುರುವಾಯಿತು. ಹಸಿರು ಆರಿದ ಕೂಡಲೇ ಸೀದಾ ಕೆಂಪು ಬರುತ್ತದೆ, ಹಳದಿ ಬರುವುದೇ ಇಲ್ಲ. ಹತ್ತರಲ್ಲಿ ಒಂದು ಸಲ ಬಂದರೆ ಹೆಚ್ಚು. ಅಂಗಡಿಯವರು 'ಡೂಪ್ಲಿಕೇಟ್ ಐಸಿ' ಅನ್ನುತ್ತಾರೆ. ಗೆಳೆಯ 'ಇದೆಲ್ಲ ಹಳೇ ಕಾಲದ್ದು, ಆರ್ಡುಯಿನೊ ಹಾಕು' ಅನ್ನುತ್ತಾನೆ. ನಮ್ಮ ಎಲೆಕ್ಟ್ರಿಷಿಯನ್ 'ಗಣಪತಿ ಹಬ್ಬದ ಸೀರಿಯಲ್ ಸೆಟ್ ಕಂಟ್ರೋಲರ್ ಹಾಕಿದರೆ ಮುಗೀತು' ಅಂತಾರೆ. ಯಾರ ಮಾತು ಕೇಳಲಿ? ಇನ್ನೊಂದು ಮಾತು, ಪೆಟ್ಟಿಗೆ ಮುಟ್ಟಿದರೆ ಕೈ ಸ್ವಲ್ಪ ಜುಮ್ ಅನ್ನುತ್ತದೆ. ಅದು ಸಹಜವೇ?

ಉತ್ತರ: ನಿಮ್ಮ ಪತ್ರದ ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ. ದಯವಿಟ್ಟು ಈಗಲೇ ಪ್ಲಗ್ ಕಿತ್ತು, ಆಮೇಲೆ ಮುಂದೆ ಓದಿ.

ಜುಮ್ ಅನ್ನುವುದಕ್ಕೆ ಎರಡು ಕಾರಣ ಇರಬಹುದು. ಎರಡು ಪಿನ್ನಿನ 12 ವೋಲ್ಟ್ ಅಡಾಪ್ಟರ್‌ಗಳ ಒಳಗೆ ಒಂದು ಸಣ್ಣ ಕೆಪಾಸಿಟರ್ ಇರುತ್ತದೆ. ಅದರ ಮೂಲಕ ತೀರಾ ಕಡಿಮೆ ಕರೆಂಟ್ ಆಚೆ ಸೋರುತ್ತದೆ. ಲ್ಯಾಪ್‌ಟಾಪ್ ಚಾರ್ಜ್ ಆಗುವಾಗ ಅದರ ಲೋಹದ ಮೈ ಸವರಿದರೆ ಜುಮ್ ಅನ್ನುತ್ತದಲ್ಲ, ಅದೇ ಇದು. ಇದಕ್ಕೆ ಹೆದರಬೇಕಿಲ್ಲ. ಎರಡನೆಯ ಕಾರಣಕ್ಕೆ ಹೆದರಬೇಕು. ನಿಮ್ಮ ಸಿಗ್ನಲ್ ವರ್ಷಗಟ್ಟಲೆ ಬಿಸಿಲು ಮಳೆ ಕಂಡಿದೆ. ಬಲ್ಬಿನ ಕಾವಿಗೆ ಒಳಗಿನ ವೈರಿನ ಮೇಲ್ಪದರ ಒಣಗಿ ಪುಡಿಯಾಗಿರುತ್ತದೆ. ಬೆರಳಲ್ಲಿ ಬಗ್ಗಿಸಿ ನೋಡಿ, ಬಿರುಕು ಬಿಡುತ್ತದೆ. ಹಾಗಿದ್ದಾಗ ಫೇಸ್ ವೈರು ಪೆಟ್ಟಿಗೆಗೆ ತಾಗಿದರೆ, ಅದಕ್ಕೆ ಅರ್ತಿಂಗ್ ಇಲ್ಲದಿದ್ದರೆ, ಇಡೀ ಪೆಟ್ಟಿಗೆಯೇ 230 ವೋಲ್ಟ್. ಇವತ್ತು ರಬ್ಬರ್ ಚಪ್ಪಲಿ ಹಾಕಿ ಮುಟ್ಟಿದ್ದಕ್ಕೆ ಬರೀ ಜುಮ್ ಎಂದಿರಬಹುದು. ಮಗ ಒದ್ದೆ ಕಾಲಲ್ಲಿ ಮುಟ್ಟಿದರೆ ಜುಮ್ ಅನ್ನುವುದರಲ್ಲಿ ನಿಲ್ಲುವುದಿಲ್ಲ. ಇವೆರಡರಲ್ಲಿ ಯಾವುದು ಅಂತ ನಾನು ಇಲ್ಲಿ ಕೂತು ಹೇಳಲಾರೆ. ಹೇಳಬೇಕಾದ ಅಗತ್ಯವೂ ಇಲ್ಲ, ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಈಗ ಹಳದಿಯ ವಿಷಯ. ನಿಮ್ಮ ಐಸಿ ಸರಿಯಾಗಿಯೇ ಇದೆ. ಡೂಪ್ಲಿಕೇಟ್ ಐಸಿಗಳು ಮಾರುಕಟ್ಟೆಯಲ್ಲಿ ಇಲ್ಲ ಅಂತಲ್ಲ. ಆದರೆ ಕೆಟ್ಟ 4017 ಸಣ್ಣ ಎಲ್‌ಇಡಿ ಇಟ್ಟಾಗ ಗಡಿಯಾರದ ಹಾಗೆ ಓಡಿ, ಬಲ್ಬ್ ಹಾಕಿದಾಗ ಮಾತ್ರ ಹಟ ಮಾಡುವುದಿಲ್ಲ. ಸರ್ಕ್ಯೂಟಿನ ಪಾಲಿಗೆ ಬದಲಾದದ್ದು ಒಂದೇ: ರಿಲೇಯ ಆ ಬದಿಯಲ್ಲಿ 230 ವೋಲ್ಟ್ ಬಂತು.

4017 ಮಾಡುವ ಕೆಲಸ ಬರೀ ಎಣಿಕೆ. 555 ಕಳಿಸುವ ಒಂದೊಂದು ಪಲ್ಸ್‌ಗೆ ಒಂದೊಂದು ಹೆಜ್ಜೆ ಮುಂದೆ ಹೋಗುತ್ತದೆ. ಸೊನ್ನೆಯಿಂದ ಒಂಬತ್ತರವರೆಗೆ ಹತ್ತು ಹೆಜ್ಜೆ, ಮತ್ತೆ ಸೊನ್ನೆ. ಯಾವ ಪಲ್ಸ್ ನಿಜ, ಯಾವುದು ಸುಳ್ಳು ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಬಸ್ಸಿನ ಬಾಗಿಲಲ್ಲಿ ತಲೆ ಎಣಿಸುವ ಕಂಡಕ್ಟರ್ ಇದ್ದ ಹಾಗೆ. ಯಾರೋ ಸುಮ್ನೆ ಮೆಟ್ಟಿಲು ಹತ್ತಿ ಇಳಿದರೂ 'ಒಂದು' ಅಂತ ಸೇರಿಸಿಬಿಡುತ್ತಾನೆ.

ರಿಲೇ ಬಿಟ್ಟುಕೊಳ್ಳುವಾಗ ಅದರ ಕಾಂಟ್ಯಾಕ್ಟ್‌ಗಳ ನಡುವೆ ಕಿಡಿ ಹಾರುತ್ತದೆ. ಹಿಡಿದುಕೊಳ್ಳುವಾಗಲೂ ಅಷ್ಟೇ. ಜೊತೆಗೆ ತಣ್ಣಗಿರುವ ಫಿಲಮೆಂಟ್ ಬಲ್ಬ್, ಹತ್ತಿಕೊಳ್ಳುವ ಆ ಕ್ಷಣದಲ್ಲಿ ಮಾಮೂಲಿಗಿಂತ ಹತ್ತು ಪಟ್ಟಿಗೂ ಜಾಸ್ತಿ ಕರೆಂಟ್ ಎಳೆಯುತ್ತದೆ. ನಿಮ್ಮ ಬಲ್ಬಿಗೆ ಮಾಮೂಲಿ ಕರೆಂಟ್ ಕಾಲು ಆಂಪಿಯರ್. ಮೊದಲ ಕ್ಷಣದಲ್ಲಿ ಅದು ಎರಡೂವರೆ, ಮೂರು ಆಂಪಿಯರ್ ಆಗುತ್ತದೆ. ಈ ಗಲಾಟೆಯೆಲ್ಲ ಪಕ್ಕದ ತೆಳು ವೈರುಗಳಿಗೆ ಹರಡುತ್ತದೆ. ಎಫ್‌ಎಂ ರೇಡಿಯೊ ಕೇಳುತ್ತಿರುವಾಗ ಯಾರಾದರೂ ಮಿಕ್ಸಿ ಆನ್ ಮಾಡಿದರೆ ಪರಪರ ಅನ್ನುತ್ತದಲ್ಲ, ಹಾಗೆ. 555ರ 2 ಮತ್ತು 6ನೇ ಪಿನ್ನುಗಳು 100 ಕಿಲೋಓಮ್ ರೆಸಿಸ್ಟರಿನ ಆಸರೆಯಲ್ಲಿ ಇರುತ್ತವೆ. ಅಂಥ ಪಿನ್ನಿಗೆ ಸಣ್ಣ ಗದ್ದಲವೂ ಕೇಳಿಸುತ್ತದೆ. 4017ರ 13 ಮತ್ತು 15ನೇ ಪಿನ್ನನ್ನು ಎಲ್ಲಿಗೂ ಜೋಡಿಸದೆ ಬಿಟ್ಟಿದ್ದರಂತೂ ಕೈ ಹತ್ತಿರ ತಂದರೂ ಎಣಿಕೆ ತಪ್ಪುತ್ತದೆ.

ಹಾಗಿದ್ದರೆ ಹಳದಿಯೇ ಯಾಕೆ ಮಾಯವಾಗಬೇಕು? ಕೆಂಪಿಗೆ ಐದು ಹೆಜ್ಜೆ, ಹಸಿರಿಗೆ ನಾಲ್ಕು, ಹಳದಿಗೆ ಒಂದೇ ಒಂದು. ಬಹುಪಾಲು ಸರ್ಕ್ಯೂಟುಗಳಲ್ಲಿ ಹಂಚಿಕೆ ಹೀಗೇ ಇರುತ್ತದೆ. ಕೆಂಪಿನ ರಿಲೇ ಬಿಟ್ಟುಕೊಂಡಾಗಲೂ ಒಂದು ಸುಳ್ಳು ಪಲ್ಸ್ ಬಂದಿರುತ್ತದೆ. ಆಗ ಹಸಿರಿನ ನಾಲ್ಕು ಹೆಜ್ಜೆಯಲ್ಲಿ ಒಂದು ಹೋಗಿ ಮೂರು ಉಳಿಯುತ್ತದೆ. ನಿಮಗೆ ಗೊತ್ತೇ ಆಗುವುದಿಲ್ಲ. ಹಸಿರು ಮುಗಿದು ಹಳದಿಗೆ ಬಂದಾಗ ಅದೇ ಸುಳ್ಳು ಪಲ್ಸ್ ಬಂದರೆ, ಇದ್ದ ಒಂದೇ ಹೆಜ್ಜೆಯೂ ಹೋಗುತ್ತದೆ. ರಿಲೇ ಹಿಡಿಯುವಷ್ಟರಲ್ಲೇ ಬಿಟ್ಟಿರುತ್ತದೆ. ಸಂಶಯ ಇದ್ದರೆ ಹಸಿರು ಎಷ್ಟು ಸೆಕೆಂಡ್ ಇರುತ್ತದೆ ಅಂತ ಬಲ್ಬ್ ಇಲ್ಲದೆ ಒಮ್ಮೆ, ಬಲ್ಬ್ ಇದ್ದಾಗ ಒಮ್ಮೆ ಅಳೆದು ನೋಡಿ ಅಂತ ಹೇಳುತ್ತಿದ್ದೆ. ಆದರೆ ಆ ಜುಮ್ ಬಗ್ಗೆ ಓದಿದ ಮೇಲೆ ಮತ್ತೆ ಬಲ್ಬ್ ಹಚ್ಚಿ ಅನ್ನಲಾರೆ.

ನಿಮ್ಮ ಗೆಳೆಯರ ಮಾತಿಗೆ ಬರೋಣ. ಆರ್ಡುಯಿನೊ, ಅಂದರೆ ಪ್ರೋಗ್ರಾಂ ಬರೆದು ಓಡಿಸುವ ಪುಟ್ಟ ಬೋರ್ಡ್, ಒಳ್ಳೆಯದೇ. ಕೆಂಪು 20 ಸೆಕೆಂಡ್, ಹಸಿರು 7, ಕೆಲವೊಮ್ಮೆ ಬರೀ ಹಳದಿ ಮಿಣುಕು ಅಂತೆಲ್ಲ ಬೇಕಿದ್ದರೆ ಅದೇ ಸುಲಭ. ನಾಲ್ಕು ಸಾಲು ಬದಲಿಸಿದರೆ ಸಾಕು. ಅದು ಹೊರಗಿನ ಪಲ್ಸ್ ಎಣಿಸುವುದಿಲ್ಲ, ಹಾಗಾಗಿ ಹೆಜ್ಜೆ ತಪ್ಪುವುದಿಲ್ಲ. ಆದರೆ ಇದೇ ಬಲ್ಬು, ಇದೇ ರಿಲೇ, ಇದೇ ವೈರಿಂಗ್ ಇಟ್ಟುಕೊಂಡರೆ ಗದ್ದಲಕ್ಕೆ ಅದು ರೀಸೆಟ್ ಆಗಿ ಮೊದಲಿನಿಂದ ಶುರು ಮಾಡಬಹುದು, ಇಲ್ಲವೇ ನಿಂತೇ ಹೋಗಬಹುದು. ರೋಗ ಒಂದೇ, ಲಕ್ಷಣ ಬೇರೆ. 'ಹಳೇ ಕಾಲದ್ದು' ಅನ್ನುವುದು ನಿಜವೇ. 555 ಮಾರುಕಟ್ಟೆಗೆ ಬಂದದ್ದು 1972ರಲ್ಲಿ. ಐವತ್ತು ವರ್ಷ ದಾಟಿದರೂ ಇನ್ನೂ ತಯಾರಾಗುತ್ತಿದೆ ಅಂದರೆ ಅದರಲ್ಲಿ ಏನೋ ಇರಬೇಕು ಅಲ್ವಾ? ಮೂರು ದೀಪ ಸರದಿಯಲ್ಲಿ ಹತ್ತಿಸಲು ಕಂಪ್ಯೂಟರ್ ಬೇಕಿಲ್ಲ. 4017 ಕೈಯಲ್ಲಿ ಇದೆ, ಕಟ್ಟಿದ್ದೀರಿ, ಓಡಿಸಿದ್ದೀರಿ. ಬಿಡಬೇಡಿ.

ಎಲೆಕ್ಟ್ರಿಷಿಯನ್ ಹೇಳಿದ್ದು ಮಾತ್ರ ಬೇಡವೇ ಬೇಡ. ಸೀರಿಯಲ್ ಸೆಟ್ಟಿನ ಕಂಟ್ರೋಲರ್ ಬಿಚ್ಚಿ ನೋಡಿ. ಅಗ್ಗದವುಗಳಲ್ಲಿ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. 230 ವೋಲ್ಟ್ ಅನ್ನು ರೆಸಿಸ್ಟರೋ ಕೆಪಾಸಿಟರೋ ಹಾಕಿ ಇಳಿಸಿರುತ್ತಾರೆ. ಮೀಟರಿನಲ್ಲಿ ಕಡಿಮೆ ವೋಲ್ಟ್ ತೋರಿಸುತ್ತದೆ. ಆದರೆ ಅದರ ಒಂದು ತುದಿ ಸೀದಾ ಲೈನಿಗೆ ಅಂಟಿಕೊಂಡಿರುತ್ತದೆ. ಸರ್ಕ್ಯೂಟಿನ ಯಾವ ಜಾಗ ಮುಟ್ಟಿದರೂ ಫೇಸ್ ಮುಟ್ಟಿದ ಹಾಗೆಯೇ. ನಾನು ರಿಪೇರಿ ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ಗಣಪತಿ ಪೆಂಡಾಲಿಗೆ ಅಂಥದೊಂದು ರನ್ನಿಂಗ್ ಲೈಟ್ ಮಾಡಿದ್ದೆ. ವೇಗ ಕಡಿಮೆ ಮಾಡೋಣ ಅಂತ ಪ್ರಿಸೆಟ್‌ಗೆ (ತಿರುಗಿಸಿ ಬದಲಿಸುವ ರೆಸಿಸ್ಟರ್) ಸ್ಕ್ರೂ ಡ್ರೈವರ್ ಹಚ್ಚಿದೆ. ಡ್ರೈವರಿನ ಹಿಡಿ ಒಡೆದಿತ್ತು. ಕೂತಿದ್ದ ಸ್ಟೂಲಿನಿಂದ ಹಿಂದಕ್ಕೆ ಬಿದ್ದೆ. ಎದ್ದ ಮೇಲೆ ಪಕ್ಕದಲ್ಲಿದ್ದವರು ಕೇಳಿದ್ದು, ಲೈಟ್ ಯಾಕೆ ನಿಂತಿತು ಅಂತ. ಪೆಂಡಾಲಿನ ಮೇಲೆ ಹತ್ತು ಅಡಿ ಎತ್ತರದಲ್ಲಿ ತೂಗುವ ಪ್ಲಾಸ್ಟಿಕ್ ಸರಕ್ಕೆ ಅದು ಹೇಗೋ ನಡೆಯುತ್ತದೆ. ಮಗು ಮುಟ್ಟುವ ಲೋಹದ ಪೆಟ್ಟಿಗೆಗೆ ನಡೆಯುವುದಿಲ್ಲ.

ಹಾಗಾದರೆ ಮಾಡುವುದೇನು?

ಹಳೆಯ ಬಲ್ಬುಗಳೇ ಬೇಕು, ಆ ಬೆಚ್ಚನೆ ಬೆಳಕೇ ಬೇಕು ಅಂತ ಹಟ ಹಿಡಿಯುವವರು ಇದ್ದಾರೆ. ತಪ್ಪೇನಿಲ್ಲ. ಹಾಗಿದ್ದರೆ ಒಳಗಿನ ವೈರನ್ನೆಲ್ಲ ಕಿತ್ತು ಹೊಸದು ಎಳೆಯಬೇಕು. ಮೂರು ಪಿನ್ನಿನ ಪ್ಲಗ್ ಹಾಕಿ, ಅರ್ತಿಂಗ್ ವೈರನ್ನು ಪೆಟ್ಟಿಗೆಯ ಬಣ್ಣ ಕೆರೆದು ಬೋಲ್ಟಿಗೆ ಬಿಗಿಯಬೇಕು. ಮನೆಯ ಸಾಕೆಟ್ಟಿನ ಮೂರನೇ ತೂತಿಗೆ ನಿಜವಾಗಿ ಅರ್ತ್ ಬಂದಿದೆಯೇ ಅಂತಲೂ ನೋಡಿಸಬೇಕು. ಎಷ್ಟೋ ಹಳೆಯ ಮನೆಗಳಲ್ಲಿ ಅದು ಬರೀ ತೂತು. ಜೊತೆಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಆಫ್ ಆಗುವ ಸ್ವಿಚ್) ಇರಬೇಕು. ಎಣಿಕೆ ತಪ್ಪದಿರಲು ಪ್ರತಿ ಐಸಿಯ ಸಪ್ಲೈ ಪಿನ್ನಿನ ಪಕ್ಕದಲ್ಲೇ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್, ರಿಲೇ ಕಾಯಿಲಿಗೆ ಅಡ್ಡಲಾಗಿ 1ಎನ್4007 ಡಯೋಡ್ ಬೇಕು. ಬಲ್ಬಿನ ವೈರುಗಳನ್ನು ಐಸಿ ಕಡೆಯ ವೈರುಗಳಿಂದ ದೂರ ಒಯ್ಯಬೇಕು. ಇಷ್ಟಕ್ಕೂ ಬಗ್ಗದಿದ್ದರೆ ರಿಲೇ ಕಾಂಟ್ಯಾಕ್ಟಿಗೆ ಅಡ್ಡಲಾಗಿ 100 ಓಮ್ ರೆಸಿಸ್ಟರ್ ಮತ್ತು 0.1 ಮೈಕ್ರೋಫ್ಯಾರಡಿನ 275 ವೋಲ್ಟ್ ಎಕ್ಸ್2 ಕೆಪಾಸಿಟರ್ ಸರಣಿಯಲ್ಲಿ ಹಾಕಬೇಕು. ಆದರೆ ಇದಕ್ಕೂ ಒಂದು ಬೆಲೆ ಇದೆ. ರಿಲೇ ಆಫ್ ಇದ್ದಾಗಲೂ ಅದರ ಮೂಲಕ ಏಳು ಮಿಲಿ ಆಂಪಿಯರಿನಷ್ಟು ಹರಿಯುತ್ತಿರುತ್ತದೆ. ಫಿಲಮೆಂಟ್ ಬಲ್ಬಿಗೆ ಅದು ಲೆಕ್ಕಕ್ಕಿಲ್ಲ. ಅದೇ ಹೋಲ್ಡರಿಗೆ ಮುಂದೆ ಯಾರಾದರೂ ಎಲ್‌ಇಡಿ ಬಲ್ಬ್ ಹಾಕಿದರೆ ಅದು ಆರದೆ ಮಿಣಮಿಣ ಅನ್ನುತ್ತಿರುತ್ತದೆ. ರಿಲೇ ಬದಲು ಟ್ರಯಾಕ್ ಎಂಬ ಎಲೆಕ್ಟ್ರಾನಿಕ್ ಸ್ವಿಚ್ ಹಾಕಿದರೆ ಟಕ್ ಟಕ್ ಸದ್ದು ಇರುವುದಿಲ್ಲ. ಎಂಒಸಿ 3041 ಮತ್ತು ಬಿಟಿ 136 ಜೋಡಿ ಇದಕ್ಕೆ ಸಾಕು. ಆದರೆ 230 ವೋಲ್ಟ್ ಪೆಟ್ಟಿಗೆಯಲ್ಲೇ ಉಳಿಯಿತಲ್ಲ.

ಇದರ ನಡುವೆ ಒಂದು ಮಾತು. ಸೆಮಿಕಂಡಕ್ಟರ್ ಬರುವ ಮೊದಲು ನಿಜವಾದ ಸಿಗ್ನಲ್‌ಗಳು ಓಡುತ್ತಿದ್ದದ್ದು ಮೋಟರಿನಿಂದ. ನಿಧಾನಕ್ಕೆ ತಿರುಗುವ ಮೋಟರು, ಅದರ ಅಚ್ಚಿಗೆ ಉಬ್ಬುತಗ್ಗಿನ ಚಕ್ರಗಳು, ಆ ಉಬ್ಬು ಒತ್ತಿದಾಗ ಮುಚ್ಚಿಕೊಳ್ಳುವ ಸ್ವಿಚ್ಚುಗಳು. ಮೈಕ್ರೋವೇವ್ ಓವನ್ನಿನ ತಟ್ಟೆ ತಿರುಗಿಸುವ ಪುಟ್ಟ ಮೋಟರ್ ನಿಮಿಷಕ್ಕೆ ಐದಾರು ಸುತ್ತು ಹಾಕುತ್ತದೆ. ಅದಕ್ಕೆ ಮರದ ಚಕ್ರ ಕತ್ತರಿಸಿ ಹಾಕಿದರೆ ಹತ್ತು ಹನ್ನೆರಡು ಸೆಕೆಂಡಿಗೆ ಒಂದು ಆವರ್ತ ಸಿಗುತ್ತದೆ. ಒಂದೂ ಐಸಿ ಬೇಡ. ನೋಡಲು ಬಹಳ ಚೆಂದ. ನಿಮ್ಮ ಮಗ ಇನ್ನೂ ದೊಡ್ಡವನಾದ ಮೇಲೆ ಇಬ್ಬರೂ ಕೂತು ಮಾಡುವಂಥದ್ದು.

ಈಗಿನ ನಿಮ್ಮ ಪರಿಸ್ಥಿತಿಗೆ ನಾನು ಹೇಳುವುದು ಬೇರೆ. ಬಲ್ಬ್ ಕಿತ್ತುಹಾಕಿ, 230 ವೋಲ್ಟ್ ಅನ್ನು ಪೆಟ್ಟಿಗೆಯಿಂದ ಪೂರ್ತಿ ಆಚೆ ಕಳಿಸಿ. ಒಳಗೆ ಬರುವುದು ಗೋಡೆಯ ಅಡಾಪ್ಟರಿನ 12 ವೋಲ್ಟ್ ಮಾತ್ರ. ರಿಲೇಯೂ ಬೇಡ. ಕಿಡಿ ಇಲ್ಲ, ಕಿಡಿಯ ಗದ್ದಲವೂ ಇಲ್ಲ, ಹಳದಿ ತಾನಾಗಿ ವಾಪಸ್ ಬರುತ್ತದೆ. ಆ ಜುಮ್ ಯಾವ ಕಾರಣಕ್ಕೆ ಅಂತ ಹುಡುಕುವ ಕೆಲಸವೂ ಉಳಿಯುವುದಿಲ್ಲ.

ಬೆಳಕಿಗೆ 12 ವೋಲ್ಟಿನ ಎಲ್‌ಇಡಿ ಸ್ಟ್ರಿಪ್ ತನ್ನಿ. ಇಲ್ಲಿ ಬಹಳ ಜನ ಎಡವುತ್ತಾರೆ. ಗಾಜಿಗೆ ಹೇಗೂ ಬಣ್ಣ ಇದೆಯಲ್ಲ ಅಂತ ಮೂರಕ್ಕೂ ಬಿಳಿ ಸ್ಟ್ರಿಪ್ ಹಾಕುತ್ತಾರೆ. ಬಿಳಿ ಎಲ್‌ಇಡಿ ಅಂದರೆ ಒಳಗೆ ನೀಲಿ ಎಲ್‌ಇಡಿ, ಮೇಲೆ ಹಳದಿ ಪುಡಿಯ ಲೇಪ. ಅದರ ಬೆಳಕಿನಲ್ಲಿ ಕೆಂಪು ಅಂಶ ಕಡಿಮೆ. ಕೆಂಪು ಗಾಜು ಮಿಕ್ಕ ಬಣ್ಣಗಳನ್ನೆಲ್ಲ ತಡೆದುಬಿಡುತ್ತದೆ, ಉಳಿಯುವುದು ಮಂಕು ಕೆಂಪು. ಹಸಿರು ಗಾಜಿನ ಕತೆ ಇನ್ನೂ ಮಜಾ. ಹಳೆಯ ಸಿಗ್ನಲ್ಲಿನ ಹಸಿರು ಗಾಜನ್ನು ಕಿತ್ತು ಬಿಸಿಲಿಗೆ ಹಿಡಿದು ನೋಡಿ, ಅದು ಸ್ವಲ್ಪ ನೀಲಿಯೇ. ಬಲ್ಬಿನ ಹಳದಿ ಬೆಳಕು ಸೇರಿ ಹಸಿರಾಗಿ ಕಾಣಲಿ ಅಂತ ಹಾಗೆ ಮಾಡಿರುತ್ತಾರೆ. ಅದರ ಹಿಂದೆ ತಣ್ಣನೆ ಬಿಳಿ ಎಲ್‌ಇಡಿ ಇಟ್ಟರೆ ನೀಲಿ ಸಿಗ್ನಲ್ ಆಗುತ್ತದೆ. ಕೆಂಪಿಗೆ ಕೆಂಪು, ಹಸಿರಿಗೆ ಹಸಿರು, ಹಳದಿಗೆ ಹಳದಿ ಸ್ಟ್ರಿಪ್ಪೇ ತನ್ನಿ.

ಒಂದು ದೀಪಕ್ಕೆ ಅರ್ಧ ಮೀಟರ್ ಸಾಕು. ಮೂರು ಎಲ್‌ಇಡಿಗೊಂದು ಕತ್ತರಿ ಗುರುತು ಇರುತ್ತದೆ, ಅಲ್ಲೇ ಕತ್ತರಿಸಿ. ಮೀಟರಿಗೆ 60 ಎಲ್‌ಇಡಿ ಇರುವ ಸಾದಾ ಸ್ಟ್ರಿಪ್ ಆದರೆ ಅರ್ಧ ಮೀಟರಿಗೆ ಸುಮಾರು 200 ಮಿಲಿ ಆಂಪಿಯರ್ ಬೇಕು. ಸಲಕ್ಕೆ ಒಂದೇ ದೀಪ ಉರಿಯುವುದರಿಂದ 12 ವೋಲ್ಟ್ 1 ಆಂಪಿಯರ್ ಅಡಾಪ್ಟರ್ ಧಾರಾಳ. ಬಿಐಎಸ್ ಗುರುತು ಇರುವುದನ್ನೇ ಕೊಳ್ಳಿ, ಇಲ್ಲಿ ಐವತ್ತು ರೂಪಾಯಿ ಉಳಿಸಲು ಹೋಗಬೇಡಿ. ಸ್ಟ್ರಿಪ್ಪನ್ನು ದುಂಡನೆ ತಗಡಿನ ಮೇಲೆ ಸುರುಳಿಯಾಗಿ ಅಂಟಿಸಿ, ಗಾಜಿನಿಂದ ಆದಷ್ಟು ಹಿಂದೆ ಇಡಿ. ಗಾಜಿನ ಹಿಂಬದಿಗೆ ಬಟರ್ ಪೇಪರ್ ಹಚ್ಚಿದರೆ ಚುಕ್ಕಿ ಚುಕ್ಕಿಯಾಗಿ ಕಾಣುವುದಿಲ್ಲ.

ನಿಮ್ಮ ಬಿಸಿ 547 ಇಲ್ಲಿ ಸಾಲದು. ಅದರ ಮಿತಿ 100 ಮಿಲಿ ಆಂಪಿಯರ್. ಮೂರನ್ನೂ ತೆಗೆದು ಒಂದು ಯುಎಲ್‌ಎನ್ 2003 ಐಸಿ ಹಾಕಿ. ಅದರಲ್ಲಿ ಏಳು ದಾರಿ, ಒಂದೊಂದೂ 500 ಮಿಲಿ ಆಂಪಿಯರ್ ತಡೆಯುತ್ತದೆ. ಬೇಸ್ ರೆಸಿಸ್ಟರ್ ಒಳಗೇ ಇದೆ. ಸುಮಾರು ಒಂದು ವೋಲ್ಟ್ ತಾನು ತಿನ್ನುತ್ತದೆ, ಮಲಗುವ ಕೋಣೆಗೆ ಆ ಮಟ್ಟಿಗೆ ಮಂಕಾದರೆ ಒಳ್ಳೆಯದೇ.

ಇನ್ನು ವೈರಿಂಗ್. ನೀವು ಯೂಟ್ಯೂಬ್ ನೋಡಿ ಒಂಬತ್ತೋ ಹತ್ತೋ ಡಯೋಡ್ ಹಾಕಿರುತ್ತೀರಿ. ಅರ್ಧಕ್ಕರ್ಧ ಬೇಡ. 4017ರ 12ನೇ ಪಿನ್ನಿಗೆ ಕ್ಯಾರಿ ಔಟ್ ಅನ್ನುತ್ತಾರೆ. ಎಣಿಕೆ ಸೊನ್ನೆಯಿಂದ ನಾಲ್ಕರವರೆಗೆ ಇರುವಾಗ ಅದು ತಾನಾಗಿ ಆನ್ ಇರುತ್ತದೆ, ಐದರಿಂದ ಒಂಬತ್ತರವರೆಗೆ ಆಫ್. ಅಂದರೆ ಕೆಂಪಿನ ಐದು ಹೆಜ್ಜೆ ಪುಕ್ಕಟೆ ಸಿಕ್ಕಿತು. 12ನೇ ಪಿನ್ ಸೀದಾ ಯುಎಲ್‌ಎನ್‌ನ ಕೆಂಪಿನ ದಾರಿಗೆ. ಹಸಿರಿಗೆ 1, 5, 6 ಮತ್ತು 9ನೇ ಪಿನ್ನುಗಳಿಂದ ಒಂದೊಂದು 1ಎನ್4148 ಡಯೋಡ್. ಪಟ್ಟಿ ಇರುವ ತುದಿಗಳನ್ನೆಲ್ಲ ಒಟ್ಟು ಸೇರಿಸಿ ಹಸಿರಿನ ದಾರಿಗೆ. ಹಳದಿಗೆ 11ನೇ ಪಿನ್ ಸೀದಾ. ಬರೀ ನಾಲ್ಕು ಡಯೋಡಿಗೆ ಕೆಲಸ ಮುಗಿಯಿತು. 16ಕ್ಕೆ 12 ವೋಲ್ಟ್, 8 ಮತ್ತು 13 ಗ್ರೌಂಡಿಗೆ, 14ಕ್ಕೆ 555ರ 3ನೇ ಪಿನ್ನಿನಿಂದ ಪಲ್ಸ್. 15ನೇ ಪಿನ್ ರೀಸೆಟ್. ಅದನ್ನು 100 ಕಿಲೋಓಮ್ ಮೂಲಕ ಗ್ರೌಂಡಿಗೆ, 1 ಮೈಕ್ರೋಫ್ಯಾರಡ್ ಮೂಲಕ 12 ವೋಲ್ಟಿಗೆ ಜೋಡಿಸಿ. ಆಗ ಪ್ರತಿಸಲ ಸ್ವಿಚ್ ಹಾಕಿದಾಗ ಕೆಂಪಿನಿಂದಲೇ ಶುರುವಾಗುತ್ತದೆ.

ಯುಎಲ್‌ಎನ್ ದೀಪದ ನೆಗೆಟಿವ್ ಕಡೆಯನ್ನು ತೆರೆದು ಮುಚ್ಚುತ್ತದೆ. ಹಾಗಾಗಿ ಮೂರೂ ಸ್ಟ್ರಿಪ್ಪಿನ ಪ್ಲಸ್ ಸೀದಾ 12 ವೋಲ್ಟಿಗೆ, ಮೈನಸ್ ಯುಎಲ್‌ಎನ್‌ಗೆ. ಇದನ್ನು ತಿರುಗು ಮುರುಗು ಮಾಡಿ 'ದೀಪವೇ ಹತ್ತಲ್ಲ' ಅಂತ ಫೋನ್ ಮಾಡುವವರು ಬಹಳ.

555ಕ್ಕೆ 10 ಕಿಲೋಓಮ್, 100 ಕಿಲೋಓಮ್ ಮತ್ತು 22 ಮೈಕ್ರೋಫ್ಯಾರಡ್ ಹಾಕಿದರೆ ಒಂದು ಹೆಜ್ಜೆಗೆ ಮೂರು ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ ಬರುತ್ತದೆ. ಕೆಂಪು ಹದಿನಾರು, ಹಸಿರು ಹದಿಮೂರು, ಹಳದಿ ಮೂರು ಸೆಕೆಂಡಿನ ಆಸುಪಾಸು. ಎಲೆಕ್ಟ್ರೋಲಿಟಿಕ್ ಕೆಪಾಸಿಟರಿನ ಮೇಲೆ ಬರೆದ ಬೆಲೆ ಶೇಕಡಾ 20ರಷ್ಟು ಹಿಂದೆಮುಂದೆ ಇರುವುದು ಮಾಮೂಲು, ಕಾಲವೂ ಅಷ್ಟೇ ಆಚೀಚೆ ಆಗುತ್ತದೆ. ಅಲಂಕಾರಕ್ಕೆ ಏನೂ ಆಗುವುದಿಲ್ಲ. ಮನಸ್ಸಿಗೆ ಸಮಾಧಾನ ಆಗದಿದ್ದರೆ 100 ಕಿಲೋಓಮ್ ಜಾಗಕ್ಕೆ ಪ್ರಿಸೆಟ್ ಹಾಕಿ ತಿರುಗಿಸಿಕೊಳ್ಳಿ. ಐದನೇ ಪಿನ್ನನ್ನು 0.01 ಮೈಕ್ರೋಫ್ಯಾರಡ್ ಮೂಲಕ ಗ್ರೌಂಡಿಗೆ ಹಾಕಲು ಮರೆಯಬೇಡಿ, ಯೂಟ್ಯೂಬಿನವರು ಅದನ್ನು ಮರೆಯುತ್ತಾರೆ.

ಕೆಲವು ವಿಡಿಯೊಗಳಲ್ಲಿ ಕೆಂಪು ಮುಗಿದ ಮೇಲೆ ಕೆಂಪು ಹಳದಿ ಎರಡೂ ಒಟ್ಟಿಗೆ ಉರಿದು ಆಮೇಲೆ ಹಸಿರು ಬರುತ್ತದೆ. ಅದು ಬ್ರಿಟನ್ನಿನ ಕ್ರಮ. ನಮ್ಮಲ್ಲಿ ಕೆಂಪಾದ ಮೇಲೆ ಸೀದಾ ಹಸಿರು, ಹಸಿರಾದ ಮೇಲೆ ಹಳದಿ. ಮಗ ದಿನಾ ರಸ್ತೆಯಲ್ಲಿ ನೋಡುವುದು ಇದನ್ನೇ, ತಪ್ಪಿದರೆ ಅವನೇ ಹಿಡಿಯುತ್ತಾನೆ.

ತೂಗುಹಾಕುವ ಮೊದಲು ತೂಕ ನೋಡಿ. ಲೋಹದ ಪೆಟ್ಟಿಗೆ ಅಂದುಕೊಂಡದ್ದಕ್ಕಿಂತ ಭಾರ ಇರುತ್ತದೆ. ಗೋಡೆಗೆ ಫಾಸ್ಟನರ್ ಹಾಕಿ ಬಿಗಿಯಿರಿ, ಪಿಒಪಿ ಸೀಲಿಂಗಿಗೆ ನೇತುಹಾಕಬೇಡಿ. ಕಿಟಕಿ ರಸ್ತೆ ಕಡೆಗಿದ್ದರೆ ದೀಪದ ಮುಖ ಒಳಗಿರಲಿ. ರಾತ್ರಿ ಹೊತ್ತು ಬೈಕಿನವನೊಬ್ಬ ನಿಮ್ಮ ಮನೆ ಮುಂದೆ ಹಸಿರಿಗೆ ಕಾಯುತ್ತಾ ನಿಲ್ಲುವುದು ಬೇಡ. ಬಲ್ಬ್ ಹೋಲ್ಡರುಗಳನ್ನೂ ಬಿಚ್ಚಿಬಿಡಿ. ಖಾಲಿ ಹೋಲ್ಡರ್ ಕಂಡರೆ ಮುಂದೆ ಯಾರಾದರೂ ಅದಕ್ಕೆ ಕರೆಂಟ್ ಕೊಡುತ್ತಾರೆ.

ಮೊದಲು ಬ್ರೆಡ್‌ಬೋರ್ಡಿನ ಮೇಲೆ ಸ್ಟ್ರಿಪ್ ಸಮೇತ ಒಂದು ರಾತ್ರಿ ಪೂರ್ತಿ ಓಡಿಸಿ, ಆಮೇಲೆ ಸೋಲ್ಡರ್ ಮಾಡಿ. ಹಾಗೂ ಹಳದಿ ತಪ್ಪಿಸಿಕೊಂಡರೆ ದೀಪ ಬದಲಾಗುವ ಹೊತ್ತಿಗೆ 4017ರ 16ನೇ ಪಿನ್ನಿಗೆ ಮಲ್ಟಿಮೀಟರ್ ಹಿಡಿಯಿರಿ. 12 ಇರಬೇಕಾದದ್ದು ಎಷ್ಟಕ್ಕೆ ಇಳಿಯುತ್ತದೆ ಅಂತ ನೋಡಿ, ಆ ಅಂಕಿಯನ್ನೂ ಅಡಾಪ್ಟರಿನ ಮೇಲೆ ಬರೆದಿರುವ ಆಂಪಿಯರನ್ನೂ ನನಗೆ ಬರೆದು ಕಳಿಸಿ.